ಎಣ್ಣೆ ಕುಡಿದ ಮಣ್ಣಿಗೆ ವಿದ್ಯುತ್ತಿನ ಚಿಕಿತ್ಸೆ

ಮೃಗಶಿರೆಯ ಮಳೆ ಬಿದ್ದ ಮರುದಿನ ವರ್ತಕ ನಗರದ ಒಳಬೀದಿಗಳಲ್ಲಿ ನಡೆದಾಡಿದವರಿಗೆ ಒಂದು ನೋಟ ಪರಿಚಿತವಾದುದೇ ಸರಿ. ಗ್ಯಾರೇಜುಗಳ ಮುಂದೆ, ರಿಕ್ಷಾ ನಿಲ್ಲುವ ಮೂಲೆಗಳಲ್ಲಿ, ಲಾರಿಗಳು ತಂಗುವ ಬಯಲುಗಳಲ್ಲಿ ನಿಂತ ನೀರಿನ ಮೇಲೆ ನೀಲಿ, ನೇರಳೆ, ಹಳದಿ ಬಣ್ಣಗಳು ಕಾಮನಬಿಲ್ಲಿನಂತೆ ತೇಲುತ್ತಿರುತ್ತವೆ. ಮಕ್ಕಳು ಅದನ್ನು ಕಾಲಿನಿಂದ ಕಲಕಿ ಸಂತೋಷಪಡುತ್ತಾರೆ. ವರ್ಷವಿಡೀ ಮಣ್ಣು ಕುಡಿದ ಎಣ್ಣೆಯನ್ನು ಮಳೆಯ ನೀರು ಮೇಲಕ್ಕೆತ್ತಿ ನಮ್ಮ ಕಣ್ಣಿಗೆ ಕಾಣಿಸಿದ ಬಗೆ ಅದು. ಕೆಲವು ದಿನಗಳಲ್ಲಿ ಬಣ್ಣ ಮಾಯವಾಗುತ್ತದೆ. ಎಣ್ಣೆಯ ಒಂದು ಪಾಲು ನಾಲೆಗಳ ಮೂಲಕ ಖಾಡಿಯನ್ನು ಸೇರುತ್ತದೆ. ಮತ್ತೊಂದು ಪಾಲು ಮಣ್ಣಿನಲ್ಲಿಯೇ ಉಳಿಯುತ್ತದೆ.

ನಮ್ಮ ಪರಿಚಯದ ಗ್ಯಾರೇಜು ಮಾಲಿಕರೊಬ್ಬರು ಹಿತ್ತಿಲ ಗೋಡೆಯ ಬದಿಯಲ್ಲಿ ಊರಿನಿಂದ ತಂದ ಬಸಳೆಯ ಬಳ್ಳಿಯನ್ನು ಮೂರು ಸಲ ನೆಟ್ಟರು. ಮೂರು ಸಲವೂ ಅದು ಹಳದಿಯಾಗಿ ಬಾಡಿತು. ಗೊಬ್ಬರ ಹಾಕಿದರೂ ಚಿಗುರಲಿಲ್ಲ. ನೀರು ಹೊಯ್ದರೆ ಅದು ಮಣ್ಣಿನೊಳಕ್ಕೆ ಇಳಿಯದೆ ಹನಿಹನಿಯಾಗಿ ಹೊರಳಿ ಹೋಯಿತು. ಕಡೆಗೆ ಅವರು ನಮ್ಮನ್ನು ಕೇಳಿದ ಮಾತು ಇದು: “ಈ ಮಣ್ಣನ್ನು ಅಗೆದು ತೆಗೆಯುವುದೇನೋ ಸರಿ, ಆದರೆ ಎಲ್ಲಿ ಹಾಕುವುದು ಮಾರಾಯ್ರೆ?” ಸರಳವಾದ ಪ್ರಶ್ನೆಯೇ. ಆದರೆ ಜಗತ್ತಿನ ವಿಜ್ಞಾನಿಗಳು ಹಲವು ದಶಕಗಳಿಂದ ಉತ್ತರಿಸಲು ಯತ್ನಿಸುತ್ತಿರುವ ಪ್ರಶ್ನೆಯೂ ಅದೇ ಆಗಿದೆ. ಆ ಯತ್ನಗಳಲ್ಲಿ ಒಂದನ್ನು ಇಂದು ವಾಚಕರ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ನಮ್ಮ ನೆಲದ ಚರಿತ್ರೆ

ಠಾಣೆಯ ಸುತ್ತಣ ಈ ನೆಲ ಕೈಗಾರಿಕೆಯ ನೆಲ. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಸ್ಥಾಪನೆಯಾದಾಗ ಅದರ ಮೊದಲ ಕೈಗಾರಿಕಾ ಪ್ರದೇಶವಾದುದು ವರ್ತಕ ನಗರಕ್ಕೆ ಹತ್ತಿರದ ವಾಗಳೆ ಎಸ್ಟೇಟು. ಬಳಿಕ ಡೊಂಬಿವಲಿ, ಅಂಬರನಾಥ, ಠಾಣೆ–ಬೇಲಾಪುರ ರಸ್ತೆ, ತಳೋಜ ಹೀಗೆ ಕಾರ್ಖಾನೆಗಳ ಸಾಲು ಬೆಳೆಯಿತು. ಉಡುಪಿ, ಮಂಗಳೂರುಗಳ ಕಡೆಯಿಂದ ಬಂದು ಹೋಟೆಲು ಇಟ್ಟವರು, ವಿಜಾಪುರ, ಕಲಬುರ್ಗಿಗಳ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತವರು, ಯಂತ್ರಶಾಲೆಗಳಲ್ಲಿ ಫಿಟ್ಟರರಾಗಿ ಟರ್ನರರಾಗಿ ದುಡಿದವರು, ನಮ್ಮವರು ಎಷ್ಟೋ ಮಂದಿ ಈ ಕಾರ್ಖಾನೆಗಳ ನೆರಳಿನಲ್ಲಿಯೇ ಬಾಳನ್ನು ಕಟ್ಟಿಕೊಂಡರು. ಆ ಅನ್ನದ ಋಣವನ್ನು ಮರೆಯಲಾಗದು. ಆದರೆ ಯಂತ್ರವಿದ್ದಲ್ಲಿ ಎಣ್ಣೆ ಇರುತ್ತದೆ. ಎಣ್ಣೆ ಇದ್ದಲ್ಲಿ ಸೋರಿಕೆಯೂ ಇರುತ್ತದೆ.

ಇಂದು ಆ ಕಾರ್ಖಾನೆಗಳಲ್ಲಿ ಹಲವು ಮುಚ್ಚಿವೆ. ಪೋಖರಣ ರಸ್ತೆಯ ಆಚೀಚೆಗೆ, ಕೋಲಶೇತದ ಕಡೆಗೆ, ಹಳೆಯ ಯಂತ್ರಶಾಲೆಗಳಿದ್ದಲ್ಲಿ ಗಗನಚುಂಬಿ ಮನೆಗಳು ಎದ್ದಿವೆ. ಜೀವಮಾನದ ಉಳಿತಾಯವನ್ನು ಸುರಿದು ಅಲ್ಲಿ ಮನೆ ಕೊಳ್ಳುವವರು ನೀರಿನ ಸೌಕರ್ಯ ಕೇಳುತ್ತಾರೆ, ಲಿಫ್ಟು ಕೇಳುತ್ತಾರೆ, ವಾಸ್ತು ಕೇಳುತ್ತಾರೆ. ಕಟ್ಟಡದ ಕೆಳಗಿನ ಮಣ್ಣು ಹಿಂದೆ ಏನನ್ನು ಕುಡಿದಿತ್ತೆಂದು ಕೇಳುವವರು ಅಪರೂಪ. ಎಲ್ಲ ನೆಲವೂ ಕೆಟ್ಟಿದೆಯೆಂದು ನಾವು ಹೇಳುತ್ತಿಲ್ಲ. ಪರೀಕ್ಷಿಸದೆ ಯಾವ ನೆಲವನ್ನೂ ಶುದ್ಧವೆನ್ನಲಾಗದು ಎಂದಷ್ಟೇ ನಮ್ಮ ಮಾತು.

ಕಡಲಿನ ಕಡೆಯ ಕಥೆ ಎಲ್ಲರಿಗೂ ತಿಳಿದುದು. 2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಹೊರಗೆ ಎಂ.ಎಸ್‌.ಸಿ. ಚಿತ್ರಾ ಮತ್ತು ಖಲೀಜಿಯಾ–3 ಎಂಬ ಹಡಗುಗಳು ಡಿಕ್ಕಿ ಹೊಡೆದವು. ನೂರಾರು ಕಂಟೇನರುಗಳು ನೀರಿಗೆ ಬಿದ್ದವು. ಸುಮಾರು 800 ಟನ್ ಎಣ್ಣೆ ಸಮುದ್ರದ ಪಾಲಾಯಿತೆಂದು ಆಗ ಅಂದಾಜು ಮಾಡಲಾಯಿತು. ರಾಯಗಡ ಜಿಲ್ಲೆಯ ಕಡಲತಡಿಗಳಿಗೂ ಕಾಂಡ್ಲಾ ಕಾಡುಗಳಿಗೂ ಕರಿಯ ಲೇಪ ಬಿತ್ತು. ಮೀನುಗಾರಿಕೆ ನಿಂತು ಕೋಳಿ ಜನರ ದುಡಿಮೆ ತಪ್ಪಿತು. ಪೇಟೆಯಲ್ಲಿ ಮೀನನ್ನು ಕೇಳುವವರಿಲ್ಲದಾಯಿತು. 2023ರ ಸೆಪ್ಟೆಂಬರಿನಲ್ಲಿಯೂ ಉರಣದ ಪೀರವಾಡಿ ಕಡಲತೀರಕ್ಕೆ ಕಚ್ಚಾ ಎಣ್ಣೆ ಹರಿಯಿತು. ನೀರಿನ ಮೇಲಿನ ಎಣ್ಣೆ ಕೆಲ ವಾರಗಳಲ್ಲಿ ಚದುರಿ ಹೋದೀತು. ಖಾಡಿಯ ಕೆಸರಿನೊಳಕ್ಕೆ ಇಳಿದ ಎಣ್ಣೆ ಮಾತ್ರ ವರ್ಷಗಟ್ಟಲೆ ಅಲ್ಲಿಯೇ ನೆಲೆಸುತ್ತದೆ.

ಎಣ್ಣೆಯನ್ನು ತಿನ್ನುವ ಜೀವಿಗಳು

ಖನಿಜ ತೈಲವು ಇಂಗಾಲ ಮತ್ತು ಜಲಜನಕಗಳ ಸಾವಿರಾರು ಸಂಯುಕ್ತಗಳ ಮಿಶ್ರಣ. ಅದು ಮಣ್ಣಿನ ಕಣಗಳಿಗೆ ಲೇಪವಾಗಿ ಅಂಟಿಕೊಂಡಾಗ ನೀರು ಒಳಗಿಳಿಯದು, ಗಾಳಿ ಆಡದು, ಬೇರು ಉಸಿರಾಡದು. ಬಸಳೆ ಬಾಡಿದುದು ಇದರಿಂದಲೇ. ಬಳಸಿ ಕರ್ರಗಾದ ಇಂಜಿನ್ ಎಣ್ಣೆಯಲ್ಲಿ ಇದರ ಮೇಲೆ ಲೋಹದ ಸವೆತದ ಕಣಗಳೂ, ಕ್ಯಾನ್ಸರಿಗೆ ಕಾರಣವಾಗಬಲ್ಲ ಕೆಲವು ಸಂಯುಕ್ತಗಳೂ ಬೆರೆತಿರುತ್ತವೆ.

ಆದರೆ ಪ್ರಕೃತಿಯಲ್ಲಿ ಪ್ರತಿಯೊಂದಕ್ಕೂ ಉಣ್ಣುವವರಿದ್ದಾರೆ. ಸ್ಯೂಡೋಮೋನಾಸ್, ರೋಡೋಕಾಕಸ್, ಅಸಿನಿಟೋಬ್ಯಾಕ್ಟರ್ ಮೊದಲಾದ ಸೂಕ್ಷ್ಮಜೀವಿಗಳು ಎಣ್ಣೆಯನ್ನೇ ಆಹಾರವಾಗಿ ಸ್ವೀಕರಿಸಿ ಕಡೆಗೆ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಉಳಿಸುತ್ತವೆ. ಇಡ್ಲಿಯ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬುವುದೂ, ಹೆಪ್ಪು ಹಾಕಿದ ಹಾಲು ಮೊಸರಾಗುವುದೂ ಇಂಥ ಜೀವಿಗಳ ಕೆಲಸದಿಂದಲೇ ಎಂಬುದು ನಮ್ಮ ಹೋಟೆಲು ಬಂಧುಗಳಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ. ಹೆಪ್ಪಿಗೆ ಹದವಾದ ಬಿಸಿ ಹೇಗೆ ಬೇಕೋ ಹಾಗೆಯೇ ಈ ಜೀವಿಗಳಿಗೂ ತೇವ, ಶಾಖ, ಆಮ್ಲಜನಕ, ಸಾರಜನಕ, ರಂಜಕ ಇವೆಲ್ಲ ಹದವಾಗಿ ದೊರೆಯಬೇಕು.

ಈ ವಿಷಯದಲ್ಲಿ ಭಾರತೀಯರ ಹೆಸರು ಜಗತ್ಪ್ರಸಿದ್ಧವಾಗಿದೆ. ಬಂಗಾಳದಲ್ಲಿ ಜನಿಸಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಆನಂದ ಮೋಹನ ಚಕ್ರವರ್ತಿಯವರು ಎಣ್ಣೆಯ ಹಲವು ಘಟಕಗಳನ್ನು ಒಮ್ಮೆಗೇ ತಿನ್ನಬಲ್ಲ ಸ್ಯೂಡೋಮೋನಾಸ್ ತಳಿಯನ್ನು ಸಿದ್ಧಪಡಿಸಿದರು. ಜೀವಿಗೆ ಪೇಟೆಂಟು ಕೊಡಬಹುದೆ ಎಂಬ ವಾದ ಆ ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1980ರ ಜೂನ್ 16ರಂದು ಐವರು ನ್ಯಾಯಾಧೀಶರು ಪರವಾಗಿಯೂ ನಾಲ್ವರು ವಿರುದ್ಧವಾಗಿಯೂ ನಿಂತು ಅವರಿಗೆ ಜಯ ಲಭಿಸಿತು. ದೆಹಲಿಯ ಟೆರಿ ಸಂಸ್ಥೆಯವರು ಐದು ಬಗೆಯ ಬ್ಯಾಕ್ಟೀರಿಯಾಗಳನ್ನು ಕೂಡಿಸಿ, ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ನೆಲೆಗೊಳಿಸಿ ‘ಆಯಿಲ್‌ಜ್ಯಾಪರ್’ ಎಂಬ ಮಿಶ್ರಣವನ್ನು ತಯಾರಿಸಿದ್ದಾರೆ. ತೈಲ ಬಾವಿಗಳ ಸುತ್ತಣ ಹಾಗೂ ಸಂಸ್ಕರಣಾಗಾರಗಳ ಎಣ್ಣೆಗಸಿಯನ್ನು ಶುದ್ಧಗೊಳಿಸುವುದರಲ್ಲಿ ಅದು ಉಪಯೋಗಕ್ಕೆ ಬಂದಿದೆ.

ಅಲಾಸ್ಕಾದಲ್ಲಿ 1989ರ ಮಾರ್ಚಿಯಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಬಂಡೆಗೆ ಬಡಿದು ಸುಮಾರು 37,000 ಟನ್ ಎಣ್ಣೆ ಚೆಲ್ಲಿದಾಗ ಕಡಲತಡಿಗೆ ಸಾರಜನಕ, ರಂಜಕಗಳ ಗೊಬ್ಬರವನ್ನು ಚಿಮುಕಿಸಲಾಯಿತು. ಎಣ್ಣೆ ತಿನ್ನುವ ಜೀವಿಗಳು ಅಲ್ಲಿ ಮೊದಲೇ ಇದ್ದವು. ಊಟಕ್ಕೆ ಬೇಕಾದ ಉಪ್ಪುಗಳು ಮಾತ್ರ ಸಾಲದೆ ಇದ್ದವು. ಹೊರಗಿನ ವೀರನನ್ನು ಕರೆತರುವುದಕ್ಕಿಂತ ಊರಿನವರಿಗೆ ಅನುಕೂಲ ಒದಗಿಸುವುದೇ ಹಲವೊಮ್ಮೆ ಲೇಸೆಂಬುದು ಅಲ್ಲಿ ಕಲಿತ ಪಾಠ.

ಜೇಡಿಯ ಹಟ

ಹಾಗಾದರೆ ಪುಡಿಯನ್ನೋ ಗೊಬ್ಬರವನ್ನೋ ಚೆಲ್ಲಿ ಕೈತೊಳೆದುಕೊಳ್ಳಬಹುದಲ್ಲವೆ? ಮರಳು ನೆಲವಾದರೆ ಬಹುಮಟ್ಟಿಗೆ ಹೌದು. ಖಾಡಿಯ ನೆಲದಲ್ಲಿ ಅಷ್ಟು ಸುಲಭವಲ್ಲ. ಕಾರಣವನ್ನು ಸಣ್ಣದೊಂದು ಲೆಕ್ಕದಿಂದ ತಿಳಿಯಬಹುದು.

ಒಂದು ಕಿಲೋ ಎಣ್ಣೆ ಪೂರ್ತಿ ಕರಗಬೇಕಾದರೆ ಜೀವಿಗಳಿಗೆ ಸುಮಾರು ಮೂರೂವರೆ ಕಿಲೋ ಆಮ್ಲಜನಕ ಬೇಕು. ಒಂದು ಘನಮೀಟರ್ ಮಣ್ಣಿನಲ್ಲಿ ತೂಕದ ನೂರಕ್ಕೆ ಒಂದು ಭಾಗ ಎಣ್ಣೆ ಇದೆಯೆಂದಿಟ್ಟುಕೊಂಡರೆ ಅದು ಸುಮಾರು 16 ಕಿಲೋ ಆಗುತ್ತದೆ. ಅದಕ್ಕೆ ಬೇಕಾದ ಆಮ್ಲಜನಕ 50 ಕಿಲೋಗಿಂತ ಹೆಚ್ಚು; ಅಷ್ಟು ಆಮ್ಲಜನಕ ಸುಮಾರು 200 ಘನಮೀಟರ್ ಗಾಳಿಯಲ್ಲಿರುತ್ತದೆ. ವಾಡಿಕೆಯ ಪ್ರಮಾಣದಂತೆ ಇಂಗಾಲದ ನೂರು ಭಾಗಕ್ಕೆ ಹತ್ತು ಭಾಗ ಸಾರಜನಕ, ಒಂದು ಭಾಗ ರಂಜಕ ಬೇಕಾಗುವುದರಿಂದ ಸುಮಾರು ಮೂರು ಕಿಲೋ ಯೂರಿಯಾದಷ್ಟು ಸಾರಜನಕವನ್ನೂ ಒಳಗೆ ತಲುಪಿಸಬೇಕು. ಅಗೆದು ಹರಡಿ, ವಾರಕ್ಕೊಮ್ಮೆ ಮಗುಚಿ ಹಾಕುವ ಅನುಕೂಲವಿದ್ದಲ್ಲಿ ಇದು ಸಾಧ್ಯ. ಮೇಲೆ ಕಟ್ಟಡವೋ, ರಸ್ತೆಯೋ, ಕೊಳವೆಯ ಸಾಲೋ ಇದ್ದರೆ ಮಗುಚುವುದು ಎಲ್ಲಿಂದ?

ಖಾಡಿಯ ಕಪ್ಪು ಜೇಡಿಮಣ್ಣು ನಮ್ಮ ತುಳುನಾಡಿನ ಮುರಕಲ್ಲಿನ ಮಣ್ಣಿನಂತಹುದಲ್ಲ. ಅಲ್ಲಿ ಸುರಿದ ಮಳೆ ನೋಡುನೋಡುತ್ತಿದ್ದಂತೆ ಇಂಗುತ್ತದೆ. ಜೇಡಿಯ ಕಣಗಳಾದರೋ ಒಂದರ ಮೇಲೊಂದು ಒತ್ತಿ ಕುಳಿತ ತೆಳುಹಾಳೆಗಳಂತೆ. ಬಿಗಿಯಾದ ಜೇಡಿಯಲ್ಲಿ ನೀರು ತನ್ನ ತೂಕದಿಂದಲೇ ಇಳಿಯಬೇಕಾದರೆ ವರ್ಷಕ್ಕೆ ಮೂರು ಸೆಂಟಿಮೀಟರಿನಷ್ಟು ಮಾತ್ರ ಸಾಗುವುದುಂಟು. ಒಂದು ಮೀಟರಿಗೆ ಸುಮಾರು ಮೂವತ್ತು ವರ್ಷ! ಗೊಬ್ಬರದ ನೀರು ಮೇಲೆಯೇ ನಿಲ್ಲುತ್ತದೆ, ಎಣ್ಣೆ ಕೆಳಗೆ ಉಳಿಯುತ್ತದೆ, ನಡುವೆ ಹಸಿದ ಜೀವಿಗಳು ಉಪವಾಸವಿರುತ್ತವೆ.

ವಿದ್ಯುತ್ತು ಮಾಡುವ ಕೆಲಸ

ಇಲ್ಲಿಯೇ ವಿದ್ಯುತ್ತಿನ ಸಹಾಯ ಒದಗುತ್ತದೆ. ಒದ್ದೆ ಮಣ್ಣಿನಲ್ಲಿ ಎರಡು ಸಾಲು ಕಂಬಿಗಳನ್ನು ಹುಗಿದು, ಒಂದನ್ನು ಧನಧ್ರುವಕ್ಕೂ ಇನ್ನೊಂದನ್ನು ಋಣಧ್ರುವಕ್ಕೂ ಸೇರಿಸಿ, ಬ್ಯಾಟರಿಯಲ್ಲಿರುವಂತಹ ಏಕಮುಖ ಪ್ರವಾಹವನ್ನು ಹರಿಸುತ್ತಾರೆ. ಜೇಡಿಯ ಕಣಗಳ ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಅವುಗಳಿಗೆ ತಾಗಿದ ನೀರಿನ ಪದರದಲ್ಲಿ ಧನ ಅಯಾನುಗಳು ಹೆಚ್ಚಾಗಿ ನೆರೆದಿರುತ್ತವೆ. ಪ್ರವಾಹ ಹರಿದೊಡನೆ ಅವು ಋಣಧ್ರುವದ ಕಡೆಗೆ ಹೊರಡುತ್ತವೆ. ಹಗ್ಗ ಹಿಡಿದವರು ಮುಂದೆ ನಡೆದಾಗ ತೇರು ಹಿಂದೆ ಹೊರಡುವಂತೆ, ನೀರೂ ಅವುಗಳ ಹಿಂದೆ ಎಳೆಯಲ್ಪಡುತ್ತದೆ. ಸೆಂಟಿಮೀಟರಿಗೆ ಒಂದು ವೋಲ್ಟಿನ ಒತ್ತಡ ಕೊಟ್ಟರೆ, ವರ್ಷಕ್ಕೆ ಮೂರು ಸೆಂಟಿಮೀಟರು ತೆವಳುತ್ತಿದ್ದ ನೀರು ದಿನಕ್ಕೆ ಒಂದೆರಡು ಸೆಂಟಿಮೀಟರು ಸಾಗಬಲ್ಲದು.

ನೀರಿನೊಡನೆ ಆಹಾರವೂ ಸಾಗುತ್ತದೆ. ನೈಟ್ರೇಟು, ಫಾಸ್ಫೇಟುಗಳು ಧನಧ್ರುವದ ಕಡೆಗೂ, ಅಮೋನಿಯಂ ಋಣಧ್ರುವದ ಕಡೆಗೂ ಚಲಿಸುವುದರಿಂದ ಜೇಡಿಯ ಒಡಲಿನೊಳಗಿನ ಜೀವಿಗಳಿಗೆ ಗೊಬ್ಬರ ತಲುಪುತ್ತದೆ. ಬ್ಯಾಕ್ಟೀರಿಯಾಗಳ ಮೈ ಸಾಮಾನ್ಯವಾಗಿ ಋಣ ವಿದ್ಯುದಂಶವುಳ್ಳದ್ದಾದುದರಿಂದ ಅವೂ ತುಸು ಚಲಿಸಿ ಎಣ್ಣೆಯನ್ನು ಸಂಧಿಸುತ್ತವೆ. ಧನಧ್ರುವದಲ್ಲಿ ನೀರು ಒಡೆದು ಆಮ್ಲಜನಕ ಹುಟ್ಟುತ್ತದೆ. ಪ್ರವಾಹದಿಂದ ಮಣ್ಣು ಕೊಂಚ ಬೆಚ್ಚಗಾಗುವುದೂ ಮಿತಿಯಲ್ಲಿದ್ದರೆ ಉಪಕಾರಿಯೇ.

ಒಂದು ವಿಷಯವನ್ನು ಸ್ಪಷ್ಟವಾಗಿ ತಿಳಿಯತಕ್ಕದ್ದು. ಎಣ್ಣೆಗೆ ಸ್ವಂತ ವಿದ್ಯುದಂಶವಿಲ್ಲದುದರಿಂದ ವಿದ್ಯುತ್ತು ಅದನ್ನು ನೇರವಾಗಿ ಹಿಡಿದೆಳೆಯಲಾರದು. ಎಣ್ಣೆಯನ್ನು ಮುಗಿಸುವುದು ಜೀವಿಗಳ ಕೆಲಸ. ಅವುಗಳಿಗೆ ಊಟ, ನೀರು, ದಾರಿ ಒದಗಿಸುವುದು ವಿದ್ಯುತ್ತಿನ ಕೆಲಸ. ಒಬ್ಬರು ಅಡಿಗೆಯವರು, ಇನ್ನೊಬ್ಬರು ಬಡಿಸುವವರು ಎಂದರೆ ತಪ್ಪಾಗಲಾರದು.

ಹಳೆಯ ವಿದ್ಯೆ, ಹೊಸ ಉಪಯೋಗ

ಈ ವಿದ್ಯೆಯ ಬೇರು ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿಯೇ ಮಾಸ್ಕೋದಲ್ಲಿದ್ದ ಫರ್ಡಿನಾಂಡ್ ರಾಯ್ಸ್ ಎಂಬ ವಿಜ್ಞಾನಿ, ಒದ್ದೆ ಜೇಡಿಯಲ್ಲಿ ವಿದ್ಯುತ್ತು ಹರಿಸಿದರೆ ನೀರು ಋಣಧ್ರುವದ ಕಡೆಗೆ ಸಾಗುವುದನ್ನು ಕಂಡುಹಿಡಿದನು. 1930ರ ದಶಕದಲ್ಲಿ ಲಿಯೋ ಕಾಸಾಗ್ರಾಂಡೆ ಇದನ್ನು ಜರ್ಮನಿಯಲ್ಲಿ ಮೆದುನೆಲವನ್ನು ಗಟ್ಟಿಮಾಡಲು ಬಳಸಿದನು.

ಮಣ್ಣನ್ನು ಶುದ್ಧಗೊಳಿಸಲು ಇದನ್ನು ಬಳಸಿದ ಮೊದಲಿಗರಲ್ಲಿ ನಮ್ಮ ದೇಶದವರೂ ಇದ್ದರೆಂಬುದು ಹೆಮ್ಮೆಯ ಸಂಗತಿ. ಅವಿಭಕ್ತ ಪಂಜಾಬಿನಲ್ಲಿ ಕ್ಷಾರ ಸೇರಿ ಬೆಳೆ ಬಾರದ ಚೌಳು ನೆಲವನ್ನು ವಿದ್ಯುತ್ತಿನಿಂದ ಸುಧಾರಿಸುವ ಪ್ರಯೋಗದ ವಿವರಗಳನ್ನು ಪುರಿ ಮತ್ತು ಆನಂದ್ ಎಂಬ ಸಂಶೋಧಕರು 1936ರಲ್ಲಿ ಪ್ರಕಟಿಸಿದರು. ಇಂದಿಗೂ ಈ ಕ್ಷೇತ್ರದ ಚರಿತ್ರೆ ಬರೆಯುವವರು ಅವರನ್ನು ಸ್ಮರಿಸುತ್ತಾರೆ. ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾದಲ್ಲಿ 1995ರಲ್ಲಿ, ಜೇಡಿಯಲ್ಲಿ ಸೇರಿದ್ದ ಕಾರ್ಖಾನೆಯ ದ್ರಾವಕವೊಂದನ್ನು ವಿದ್ಯುತ್ತಿನಿಂದ ಸಾಗಿಸಿ ಶುದ್ಧಿ ಮಾಡುವ ಪ್ರಯೋಗ ನೆಲದ ಮೇಲೆಯೇ ನಡೆಯಿತು. ಎಣ್ಣೆಯ ವಿಷಯದಲ್ಲಿ ವಿದ್ಯುತ್ತನ್ನೂ ಜೀವಿಗಳನ್ನೂ ಕೂಡಿಸುವ ಕೆಲಸ ಬಹುಪಾಲು ಪ್ರಯೋಗಶಾಲೆಗಳಲ್ಲಿಯೂ ಸಣ್ಣ ಪ್ರಮಾಣದ ಪರೀಕ್ಷೆಗಳಲ್ಲಿಯೂ ಸಾಗಿದೆ.

ತೊಡಕುಗಳೂ ಇಲ್ಲದಿಲ್ಲ

ಹೊಗಳಿಕೆಯನ್ನಷ್ಟೇ ಬರೆದರೆ ವಾಚಕರಿಗೆ ದ್ರೋಹ ಬಗೆದಂತಾದೀತು. ಮೊದಲನೆಯದಾಗಿ, ಧನಧ್ರುವದ ಬಳಿ ಮಣ್ಣು ಹುಳಿಯಾಗುತ್ತದೆ, ಋಣಧ್ರುವದ ಬಳಿ ಕ್ಷಾರವಾಗುತ್ತದೆ. ನೋಡಿಕೊಳ್ಳದೆ ಬಿಟ್ಟರೆ ಯಾವ ಜೀವಿಗಳನ್ನು ಸಾಕಲು ಹೊರಟೆವೋ ಅವೇ ಸಾಯುತ್ತವೆ. ಆದುದರಿಂದ ಧ್ರುವಗಳನ್ನು ಆಗಾಗ್ಗೆ ಅದಲುಬದಲು ಮಾಡುತ್ತಾರೆ; ಇಲ್ಲವೆ ಹುಳಿ–ಕ್ಷಾರಗಳನ್ನು ಸಮಗೊಳಿಸುವ ದ್ರಾವಣವನ್ನು ಕಂಬಿಗಳ ಸುತ್ತ ಹರಿಸುತ್ತಾರೆ. ಎರಡನೆಯದಾಗಿ, ಖಾಡಿಯ ನೆಲದಲ್ಲಿ ಉಪ್ಪು ಹೆಚ್ಚು. ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಹರಿಸುವುದರಿಂದ ಕರೆಂಟು ಹೆಚ್ಚು ಖರ್ಚಾಗುತ್ತದೆ, ಕಂಬಿಗಳು ಬೇಗ ಸವೆಯುತ್ತವೆ, ಧನಧ್ರುವದಲ್ಲಿ ಕ್ಲೋರಿನ್ ಅನಿಲವೂ ಹುಟ್ಟಬಹುದು. ಮೂರನೆಯದಾಗಿ, ಒಂದು ಘನಮೀಟರ್ ಮಣ್ಣಿಗೆ ಹತ್ತಾರು, ಕೆಲವೊಮ್ಮೆ ನೂರಾರು ಯೂನಿಟ್ ವಿದ್ಯುತ್ತು ಬೇಕಾಗುವುದುಂಟು. ನಾಲ್ಕನೆಯದಾಗಿ, ಹಗುರವಾದ ಘಟಕಗಳು ಬೇಗ ಕರಗಿದರೂ ಡಾಂಬರಿನಂತಹ ಭಾರವಾದ ಘಟಕಗಳು ಹಟ ಹಿಡಿದು ಉಳಿಯುತ್ತವೆ. ಕೆಲಸ ತಿಂಗಳುಗಟ್ಟಲೆಯದು, ದಿನಗಳದ್ದಲ್ಲ.

ಉತ್ಸಾಹಿಗಳಿಗೆ ಒಂದು ಎಚ್ಚರಿಕೆಯ ಮಾತು. ಎರಡು ಮೀಟರಿನ ಅಂತರಕ್ಕೆ ಸೆಂಟಿಮೀಟರಿಗೊಂದು ವೋಲ್ಟಿನಂತೆ ಕೊಟ್ಟರೆ 200 ವೋಲ್ಟುಗಳಾಗುತ್ತವೆ. ಒದ್ದೆ ನೆಲದಲ್ಲಿ ಅದು ಪ್ರಾಣವನ್ನು ತೆಗೆಯಬಲ್ಲದು. ಇದು ಹಿತ್ತಿಲಿನಲ್ಲಿ ಪ್ರಯೋಗಿಸತಕ್ಕ ವಿದ್ಯೆಯಲ್ಲ. ತಜ್ಞರು ಬೇಲಿ ಹಾಕಿ, ಕಾವಲಿಟ್ಟು ಮಾಡತಕ್ಕದ್ದು.

ಖರ್ಚು ಯಾರದು?

ಕೆಟ್ಟ ಮಣ್ಣನ್ನು ಅಗೆದು ಲಾರಿಯಲ್ಲಿ ತುಂಬಿ ಸಾಗಿಸುವುದೇ ಈವರೆಗಿನ ಸುಲಭ ಮಾರ್ಗ. ತಳೋಜದಲ್ಲಿ ಅಪಾಯಕಾರಿ ತ್ಯಾಜ್ಯವನ್ನು ವಿಧಿವತ್ತಾಗಿ ಹೂಳುವ ನೆಲೆಯೊಂದಿದೆ. ಆದರೆ ರಾತ್ರಿಯ ಹೊತ್ತು ಖಾಡಿಯ ದಂಡೆಯಲ್ಲಿ ಸುರಿದು ಬಂದರೆ ಅದು ಶುದ್ಧಿಯಲ್ಲ; ನಮ್ಮ ಮನೆಯ ಕಸವನ್ನು ನೆರೆಯವರ ಅಂಗಳಕ್ಕೆ ದಾಟಿಸಿದಂತೆ. ಆ ಅಂಗಳದಲ್ಲಿ ಬದುಕುವವರು ಕೋಳಿ ಜನರು, ಮತ್ತು 2022ರಲ್ಲಿ ಅಂತರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವೆಂದು ಘೋಷಿತವಾದ ಠಾಣೆ ಖಾಡಿಗೆ ವರ್ಷವರ್ಷವೂ ಬರುವ ರಾಜಹಂಸಗಳು.

ಕಲುಷಿತ ತಾಣಗಳ ನಿರ್ವಹಣೆಗಾಗಿ ಕೇಂದ್ರ ಸರಕಾರ 2025ರ ಜುಲೈಯಲ್ಲಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ. ಸಂಶಯವುಳ್ಳ ನೆಲವನ್ನು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಪರೀಕ್ಷಿಸಬೇಕು, ಕೆಡಿಸಿದವನೇ ಶುದ್ಧಿಯ ಖರ್ಚನ್ನು ಹೊರಬೇಕು ಎಂಬುದು ಅವುಗಳ ಸಾರ. ಸಮುದ್ರದ ಎಣ್ಣೆ ಮಾಲಿನ್ಯ ಈ ನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ನೆಲದ ಮಟ್ಟಿಗಾದರೂ ದೂರು ಕೊಡಲು ಬಾಗಿಲೊಂದು ತೆರೆದಂತಾಯಿತು. ಹಳೆಯ ಕಾರ್ಖಾನೆಯ ನಿವೇಶನದಲ್ಲಿ ಮನೆ ಕೊಳ್ಳುವ ನಮ್ಮ ಬಂಧುಗಳು ಮಣ್ಣಿನ ಮತ್ತು ಬೋರ್‌ವೆಲ್ ನೀರಿನ ಪರೀಕ್ಷೆಯ ವರದಿಯನ್ನು ಕಟ್ಟುವವರಲ್ಲಿ ಧೈರ್ಯವಾಗಿ ಕೇಳತಕ್ಕದ್ದು. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರಿಗೆ ಕೇಳದೆಯೇ ದೊರೆಯುತ್ತದೆ.

ನಮ್ಮ ಕೈಯಲ್ಲಿರುವುದು

ಚಿಕಿತ್ಸೆಗಿಂತ ಪಥ್ಯ ಮೇಲು. ಗ್ಯಾರೇಜಿನ ನೆಲಕ್ಕೆ ಸಿಮೆಂಟು ಹಾಕಿಸುವುದು, ಎಣ್ಣೆ ಬದಲಿಸುವಾಗ ಕೆಳಗೆ ತಟ್ಟೆ ಇಡುವುದು, ಚೆಲ್ಲಿದ ಎಣ್ಣೆಯ ಮೇಲೆ ಕೂಡಲೇ ಮರದ ಹೊಟ್ಟು ಎರಚಿ ಬಾಚಿ ಬೇರೆ ಡಬ್ಬಿಯಲ್ಲಿಡುವುದು, ಇವುಗಳ ಖರ್ಚು ಹೆಚ್ಚಲ್ಲ. ಬಳಸಿದ ಇಂಜಿನ್ ಎಣ್ಣೆಯನ್ನು 2016ರ ನಿಯಮಗಳು ಅಪಾಯಕಾರಿ ತ್ಯಾಜ್ಯಗಳ ಸಾಲಿಗೆ ಸೇರಿಸಿವೆ. ಅದನ್ನು ಪರವಾನಗಿಯುಳ್ಳ ಪುನರ್ಬಳಕೆದಾರರಿಗೇ ಒಪ್ಪಿಸಬೇಕು. ಹೋಟೆಲಿನ ಕರಿದ ಎಣ್ಣೆಯನ್ನೂ ನಾಲೆಗೆ ಸುರಿಯದೆ, ಜೈವಿಕ ಡೀಸೆಲಿಗಾಗಿ ಸಂಗ್ರಹಿಸುವವರಿಗೆ ಕೊಡಬಹುದು. ಇದಕ್ಕಾಗಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಿಂದ ವ್ಯವಸ್ಥೆಯೊಂದನ್ನು ನಡೆಸುತ್ತಿದೆ.

ಗ್ಯಾರೇಜು ಮಾಲಿಕರ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಷ್ಟು: ಎಲ್ಲಿಯೂ ಹಾಕಬೇಡಿ, ಮೊದಲು ಇನ್ನು ಮುಂದೆ ಒಂದು ಹನಿಯೂ ಬೀಳದಂತೆ ನೋಡಿಕೊಳ್ಳಿ. ಕೆಟ್ಟ ಜಾಗ ಸಣ್ಣದಾದುದರಿಂದ ಮಣ್ಣನ್ನು ಪರೀಕ್ಷೆಗೆ ಕಳುಹಿಸಿ, ಅದರಲ್ಲಿ ಎಣ್ಣೆ ಮಾತ್ರವೇ ಇದೆಯೆ, ಲೋಹಗಳೂ ಇವೆಯೆ ಎಂದು ತಿಳಿಯಿರಿ. ಲೋಹವನ್ನು ಯಾವ ಜೀವಿಯೂ ತಿಂದು ಮುಗಿಸಲಾರದು. ಎಣ್ಣೆ ಮಾತ್ರವಾದರೆ ಬಲ್ಲವರ ಸಲಹೆಯಂತೆ ಅಲ್ಲಿಯೇ ಸಡಿಲಿಸಿ, ಗೊಬ್ಬರ ಕೊಟ್ಟು, ಮಳೆಗೆ ಕೊಚ್ಚಿಹೋಗದಂತೆ ಮುಚ್ಚಿ, ಕಾಲಕಾಲಕ್ಕೆ ಮಗುಚುತ್ತಿರಿ. ಆ ನೆಲದಲ್ಲಿ ತಿನ್ನುವ ಸೊಪ್ಪನ್ನು ಸದ್ಯಕ್ಕೆ ಬೆಳೆಯಬೇಡಿ.

ಅವರು ಒಪ್ಪಿದರು. ಬಸಳೆಯ ಬಳ್ಳಿ ಈಗ ಅವರ ಮನೆಯ ಗ್ಯಾಲರಿಯಲ್ಲಿ, ಊರಿನ ಕೆಂಪು ಮಣ್ಣು ತುಂಬಿದ ಡಬ್ಬಿಯಲ್ಲಿ ಹಬ್ಬಿಕೊಂಡಿದೆ. ಗ್ಯಾರೇಜಿನ ಹಿತ್ತಿಲಿನ ನೆಲ ಟಾರ್ಪಾಲಿನ ಕೆಳಗೆ ತನ್ನ ಸರದಿಗಾಗಿ ಕಾಯುತ್ತಿದೆ. ಎಣ್ಣೆ ಕುಡಿಯಲು ಅದಕ್ಕೆ ಇಪ್ಪತ್ತು ವರ್ಷ ಹಿಡಿದಿತ್ತು. ಅದನ್ನು ಕಳೆದುಕೊಳ್ಳಲು ಕೆಲವು ಮಳೆಗಾಲಗಳನ್ನಾದರೂ ನಾವು ಕೊಡಬೇಡವೆ?